ಇಂಚು ಇಳಿಯುತ್ತೆ, ಕೆಜಿ ಇಳಿಯಲ್ಲ: ಲೈಪೊಸಕ್ಷನ್ ಬಗ್ಗೆ ನೀವು ಕೇಳಿದ್ದು

ಹೋದ ಸಂಚಿಕೆಯಲ್ಲಿ ಕಾಸ್ಮೆಟಿಕ್ ಸರ್ಜರಿ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಒಂದೇ ಒಂದು ಸಾಲು ಹಾಕಿದ್ದೆ, ಅಷ್ಟಕ್ಕೇ ಪತ್ರ ರಾಶಿ ಬಿದ್ದಿದೆ. ಮುಕ್ಕಾಲು ಪಾಲು ಲೈಪೊಸಕ್ಷನ್, ಅಂದ್ರೆ ಚರ್ಮದ ಕೆಳಗಿನ ಕೊಬ್ಬನ್ನ ಪೈಪ್ ಹಾಕಿ ಹೀರಿ ತೆಗೆಯೋ ಆಪರೇಷನ್ ಬಗ್ಗೆನೇ. ಹೆಸರು ಹಾಕ್ಬೇಡಿ ಅಂತ ಹೆಚ್ಚುಕಮ್ಮಿ ಎಲ್ಲರೂ ಬರ್ದಿದ್ದೀರಿ, ಯಾರ್ದೂ ಹಾಕಿಲ್ಲ, ಧೈರ್ಯವಾಗಿ ಓದಿ. ಒಂದೇ ಥರದ ಪ್ರಶ್ನೆ ಹತ್ತು ಜನ ಕೇಳಿದ್ರೆ ಒಂದನ್ನ ಮಾತ್ರ ಇಟ್ಕೊಂಡಿದೀನಿ.

ಪ್ರಶ್ನೆ: ಮೇಡಂ, ನನ್ನ ತೂಕ 94 ಕೆಜಿ, ಎತ್ತರ 5 ಅಡಿ 3 ಇಂಚು. ಡಯಟ್, ಜಿಮ್ ಎಲ್ಲಾ ಮಾಡಿ ಸೋತು ಸುಣ್ಣ ಆಗಿದೀನಿ. ಶುಗರ್ ಬೇರೆ ಬಾರ್ಡರ್‌ನಲ್ಲಿದೆ. ಲೈಪೊಸಕ್ಷನ್ ಮಾಡಿಸಿದ್ರೆ ಒಂದೇ ಸಲಕ್ಕೆ 20 ಕೆಜಿ ಹೋಗುತ್ತಾ? ಶುಗರೂ ಕಮ್ಮಿ ಆಗುತ್ತಾ?

ಉತ್ತರ: ಎರಡಕ್ಕೂ ಇಲ್ಲ ಅಂತಲೇ ಹೇಳ್ಬೇಕಾಗುತ್ತೆ. ನಮ್ಮ ಹೊಟ್ಟೇಲಿ ಕೊಬ್ಬು ಎರಡು ಕಡೆ ಇರುತ್ತೆ. ಒಂದು ಚರ್ಮದ ಕೆಳಗೆ, ಕೈಯಲ್ಲಿ ಹಿಡಿದು ಹಿಂಡಿದ್ರೆ ಸಿಗುತ್ತಲ್ಲ ಅದು. ಇನ್ನೊಂದು ಮಾಂಸದ ಪದರದ ಒಳಗೆ, ಕರುಳು ಲಿವರ್ ಸುತ್ತಮುತ್ತ. ಲೈಪೊಸಕ್ಷನ್ ಪೈಪು, ಅಂದ್ರೆ ಕ್ಯಾನುಲಾ, ಹೋಗೋದು ಮೊದಲನೇ ಜಾಗಕ್ಕೆ ಮಾತ್ರ, ಒಳಗಿನ ಕೊಬ್ಬನ್ನ ಅದು ಮುಟ್ಟೋದೂ ಇಲ್ಲ ಮುಟ್ಟಲೂಬಾರದು, ಮತ್ತೆ ಶುಗರ್ ಬಿಪಿಗೆ ಜಾಸ್ತಿ ಕಾರಣ ಆಗೋದು ಆ ಒಳಗಿನ ಕೊಬ್ಬೇ. 2004ರಲ್ಲಿ ಅಮೆರಿಕದಲ್ಲಿ 15 ಜನ ದಪ್ಪಗಿರೋ ಹೆಂಗಸರ ಹೊಟ್ಟೆಯಿಂದ ಒಬ್ಬೊಬ್ಬರಿಗೆ ಹತ್ತಿರ ಹತ್ತಿರ 10 ಕೆಜಿ ಕೊಬ್ಬು ತೆಗೆದು ಎರಡು ಮೂರು ತಿಂಗಳಾದ ಮೇಲೆ ಎಲ್ಲಾ ಟೆಸ್ಟ್ ಮಾಡಿ ನೋಡಿದ್ರು. ಇನ್ಸುಲಿನ್ ಕೆಲಸ ಮಾಡೋ ರೀತಿ, ಬಿಪಿ, ಕೊಲೆಸ್ಟ್ರಾಲ್ ಯಾವುದೂ ಸುಧಾರಿಸಿರಲಿಲ್ಲ. ಅಷ್ಟೇ ತೂಕನ ಊಟ ಕಮ್ಮಿ ಮಾಡಿ ಇಳಿಸಿದ್ರೆ ಇದೆಲ್ಲಾ ಸುಧಾರಿಸುತ್ತೆ, ಯಾಕಂದ್ರೆ ಆಗ ಒಳಗಿಂದೂ ಕರಗುತ್ತೆ.

ಇನ್ನು 20 ಕೆಜಿ ಮಾತು. ಒಂದೇ ಸಲಕ್ಕೆ 5 ಲೀಟರ್‌ಗಿಂತ ಜಾಸ್ತಿ ತೆಗೆದ್ರೆ ಅದನ್ನ ದೊಡ್ಡ ಲೈಪೊಸಕ್ಷನ್ ಅಂತ ಲೆಕ್ಕ ಹಾಕ್ತಾರೆ, ರಿಸ್ಕ್ ಏರುತ್ತೆ, ಆಸ್ಪತ್ರೆಯಲ್ಲೇ ರಾತ್ರಿ ಉಳಿಸ್ಕೊಂಡು ನೋಡ್ಬೇಕಾಗುತ್ತೆ. ಆ 5 ಲೀಟರ್‌ನಲ್ಲಿ ಮರಗಟ್ಟಿಸೋಕೆ ಅಂತ ನಾವೇ ಒಳಗೆ ಹಾಕಿದ ನೀರೂ ಸೇರಿರುತ್ತೆ, ಒಂದು ಲೀಟರ್ ಕೊಬ್ಬು ತೂಗೋದು 900 ಗ್ರಾಂ ಅಷ್ಟೇ. ಲೆಕ್ಕ ನೀವೇ ಹಾಕಿ. ನಿಮ್ಮ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 37ರ ಹತ್ತಿರ ಇದೆ, ನೀವು ಮಾತಾಡಬೇಕಾದ್ದು ನನ್ನ ಹತ್ರ ಅಲ್ಲ, ತೂಕಕ್ಕೆ ಚಿಕಿತ್ಸೆ ಕೊಡೋ ಫಿಸಿಶಿಯನ್ ಹತ್ರ, ಬೇಕಾದ್ರೆ ತೂಕ ಇಳಿಸೋಕೆ ಆಪರೇಷನ್ ಮಾಡೋ ಬೇರಿಯಾಟ್ರಿಕ್ ಸರ್ಜನ್ ಹತ್ರ. ಜಿಮ್‌ನಲ್ಲಿ ಸೋತಿದ್ದಕ್ಕೆ ನಿಮ್ಮನ್ನ ನೀವೇ ಬೈಕೋಬೇಡಿ, ಈ ತೂಕ ಬರೀ ಛಲದಿಂದ ಇಳಿಯೋದು ನಿಜಕ್ಕೂ ಕಷ್ಟ.

ಪ್ರಶ್ನೆ: ಹಾಗಾದ್ರೆ ಲೈಪೊಸಕ್ಷನ್ ಯಾರಿಗೆ? ತೆಗೆದ ಕೊಬ್ಬು ವಾಪಸ್ ಬರುತ್ತಂತೆ ಹೌದಾ?

ಉತ್ತರ: ತೂಕ ಹೆಚ್ಚುಕಮ್ಮಿ ಸರಿ ಇದೆ, ಆರು ತಿಂಗಳಿಂದ ಅಲ್ಲಾಡದೆ ನಿಂತಿದೆ, ಆದ್ರೂ ತೊಡೆ ಪಕ್ಕ, ಸೊಂಟ, ಗದ್ದದ ಕೆಳಗೆ ಒಂದು ಗುಪ್ಪೆ ಏನು ಮಾಡಿದ್ರೂ ಹೋಗ್ತಿಲ್ಲ, ಚರ್ಮ ಎಳೆದು ಬಿಟ್ರೆ ಪಟ್ ಅಂತ ವಾಪಸ್ ಹೋಗುತ್ತೆ, ಅಂಥವರಿಗೆ. ಇದು ಟೈಲರ್ ಕೆಲಸ ಅನ್ಕೊಳ್ಳಿ, ತಕ್ಕಡಿ ಕೆಲಸ ಅಲ್ಲ. ಚರ್ಮ ಸಡಿಲ ಇರೋರಿಗೆ ಒಳಗಿನ ಹತ್ತಿ ತೆಗೆದ ದಿಂಬಿನ ಥರ ಆಗುತ್ತೆ, ಮುಂಚೆಗಿಂತ ಕೆಟ್ಟದಾಗಿ ಕಾಣುತ್ತೆ. ತೊಡೆ ಮೇಲಿನ ಗುಳಿಗುಳಿ ಚರ್ಮ, ಸೆಲ್ಯುಲೈಟ್ ಅಂತೀವಲ್ಲ, ಅದೂ ಇದರಿಂದ ಹೋಗಲ್ಲ.

ವಾಪಸ್ ಬರುತ್ತಾ ಅಂದ್ರೆ, ತೆಗೆದ ಕೊಬ್ಬಿನ ಕೋಶ ಹೋದದ್ದು ಹೋಯ್ತು, ಆದ್ರೆ ಉಳಿದಿರೋವು ಊದಿಕೊಳ್ಳೋಕೆ ತಯಾರಾಗೇ ಇರ್ತಾವೆ. 2011ರಲ್ಲಿ ಬಂದ ಒಂದು ಅಧ್ಯಯನದಲ್ಲಿ ತೊಡೆ ಮತ್ತೆ ಕೆಳಹೊಟ್ಟೆಗೆ ಲೈಪೊ ಆದ ಹೆಂಗಸರಲ್ಲಿ ಒಂದು ವರ್ಷಕ್ಕೆಲ್ಲಾ ಒಟ್ಟು ಕೊಬ್ಬು ಮೊದಲಿನಷ್ಟೇ ಆಗಿತ್ತು, ತೊಡೆಗೆ ಬರಲಿಲ್ಲ, ಹೊಟ್ಟೆ ಕಡೆ ಬಂದು ಕೂತಿತ್ತು. ಅದರ ಮರುವರ್ಷ ಬ್ರೆಜಿಲ್‌ನಿಂದ ಬಂದ ಇನ್ನೊಂದರಲ್ಲಿ, ಲೈಪೊ ಆದ್ಮೇಲೆ ವ್ಯಾಯಾಮ ಮಾಡದೇ ಇದ್ದವರಿಗೆ ಆ ಒಳಗಿನ ಕೆಟ್ಟ ಕೊಬ್ಬೇ 10 ಪರ್ಸೆಂಟ್‌ನಷ್ಟು ಏರಿತ್ತು, ಮಾಡಿದವರಿಗೆ ಏರಲಿಲ್ಲ. ಅದಕ್ಕೇ ನಾನು ಮೊದಲನೇ ಭೇಟಿಯಲ್ಲೇ ಕೇಳೋದು, ವಾಕಿಂಗ್ ಹೋಗ್ತೀರಾ ಅಂತ. ಆಪರೇಷನ್ ಆದ್ಮೇಲೆ ಶುರು ಮಾಡ್ತೀನಿ ಅನ್ನೋರಿಗೆ ಈಗಲೇ ಶುರು ಮಾಡಿ, ಮೂರು ತಿಂಗಳು ಬಿಟ್ಟು ಬನ್ನಿ ಅಂತೀನಿ. ಅರ್ಧ ಜನ ವಾಪಸ್ ಬರಲ್ಲ, ಕೆಲವರಿಗೆ ಅಷ್ಟರಲ್ಲಿ ಆಪರೇಷನ್ನೇ ಬೇಡ ಅನ್ಸಿರುತ್ತೆ!

ಪ್ರಶ್ನೆ: ಎಚ್ಚರ ಇರುವಾಗಲೇ ಮಾಡ್ತಾರೆ ಅಂತ ಕೇಳಿದೆ. ನೋವಾಗಲ್ವಾ? ನನಗೆ ಸೂಜಿ ಕಂಡ್ರೇನೇ ಭಯ.

ಉತ್ತರ: ಸಣ್ಣ ಜಾಗಕ್ಕೆ ಎಚ್ಚರ ಇರುವಾಗಲೇ ಮಾಡಬಹುದು. ಉಪ್ಪುನೀರಿನ ಡ್ರಿಪ್‌ಗೆ ಲಿಗ್ನೊಕೇನ್ ಅನ್ನೋ ಮರಗಟ್ಟಿಸೋ ಔಷಧಿ ಮತ್ತೆ ಸ್ವಲ್ಪ ಅಡ್ರಿನಲಿನ್ ಬೆರೆಸಿ ಕೊಬ್ಬಿನ ಪದರಕ್ಕೆ ತುಂಬ್ತೀವಿ, ಜಾಗ ಬಿಗಿಯಾಗಿ ಉಬ್ಬುತ್ತೆ, ರಕ್ತನಾಳ ಮುದುಡ್ಕೊಳ್ಳುತ್ತೆ, ರಕ್ತ ಬಹಳ ಕಮ್ಮಿ ಹೋಗುತ್ತೆ. ಇದಕ್ಕೆ ಟ್ಯೂಮೆಸೆಂಟ್ ವಿಧಾನ ಅಂತ ಹೆಸರು, 1980ರ ದಶಕದಲ್ಲಿ ಇದನ್ನ ತಂದವರು ಜೆಫ್ರಿ ಕ್ಲೈನ್ ಅಂತ ಅಮೆರಿಕದ ಚರ್ಮವೈದ್ಯರು. ಅದಕ್ಕೂ ಮುಂಚಿನ ಕಥೆ ಅಷ್ಟು ಚೆನ್ನಾಗಿಲ್ಲ, 1920ರ ದಶಕದಲ್ಲಿ ಫ್ರಾನ್ಸ್‌ನಲ್ಲಿ ಒಬ್ಬ ಸರ್ಜನ್ ನೃತ್ಯಗಾತಿಯೊಬ್ಬಳ ಕಾಲಿನ ಕೊಬ್ಬನ್ನ ಕೆರೆದು ತೆಗೆಯೋಕೆ ಹೋಗಿ ಕೊನೆಗೆ ಕಾಲನ್ನೇ ಕತ್ತರಿಸಬೇಕಾಯ್ತು, ಆಮೇಲೆ ಎಷ್ಟೋ ವರ್ಷ ಯಾರೂ ಆ ಗೋಜಿಗೆ ಹೋಗಲಿಲ್ಲ. ಈಗ ಬಳಸೋ ಪೈಪಿನ ತುದಿ ಮೊಂಡಾಗಿರುತ್ತೆ, ನರ ರಕ್ತನಾಳಕ್ಕೆ ಪೆಟ್ಟು ಕಮ್ಮಿ.

ಒಂದು ವಿಷಯ ಮಾತ್ರ ನೆನಪಿಡಿ, ಹೀಗೆ ತುಂಬಿದ ಲಿಗ್ನೊಕೇನ್ ರಕ್ತದಲ್ಲಿ ಗರಿಷ್ಠ ಮಟ್ಟಕ್ಕೆ ಬರೋದು ಟೇಬಲ್ ಮೇಲೆ ಅಲ್ಲ, ಸುಮಾರು 12 ಗಂಟೆ ಆದ್ಮೇಲೆ, ಅಂದ್ರೆ ನೀವು ಮನೇಲಿ ಮಲಗಿರುವಾಗ. ತುಟಿ ಸುತ್ತ ಜುಮ್ ಅನ್ನೋದು, ಕಿವೀಲಿ ಗುಂಯ್ ಅನ್ನೋದು, ಮಾತು ತೊದಲೋದು ಆದ್ರೆ ಬೆಳಗ್ಗೆ ತನಕ ಕಾಯಬೇಡಿ. ಆ ರಾತ್ರಿ ಜೊತೇಲಿ ಒಬ್ಬರು ಇರಲೇಬೇಕು. ಜಾಗ ಜಾಸ್ತಿ ಇದ್ರೆ ಪೂರ್ತಿ ಅನಸ್ತೇಶಿಯಾನೇ ಒಳ್ಳೇದು, ನಿಮ್ಮಂಥ ಸೂಜಿ ಭಯದವರಿಗೂ ಅದೇ ಸುಲಭ. ತೂಕ ಇಳಿಸೋ ವಾರದ ಇಂಜೆಕ್ಷನ್ ತಗೋತಿದ್ರೆ ಅನಸ್ತೇಶಿಯಾ ಡಾಕ್ಟರ್‌ಗೆ ಮರೀದೆ ಹೇಳಿ, ಅದು ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡುತ್ತೆ, ಉಪವಾಸ ಇದ್ರೂ ಊಟ ಉಳಿದಿರಬಹುದು.

ಪ್ರಶ್ನೆ: ಎರಡು ಹೆರಿಗೆ ಆಗಿದೆ. ಹೊಟ್ಟೆ ಜೋತು ಬಿದ್ದಿದೆ, ಎದ್ದು ಕೂರುವಾಗ ನಡುವೆ ಉಬ್ಬು ಬರುತ್ತೆ. ಲೈಪೊಸಕ್ಷನ್ ಸಾಕಾ ಟಮ್ಮಿ ಟಕ್ ಬೇಕಾ?

ಉತ್ತರ: ಆ ಉಬ್ಬು ಕೊಬ್ಬಲ್ಲ. ಬಸುರಿಯಾಗಿದ್ದಾಗ ಹೊಟ್ಟೆಯ ಎರಡು ಉದ್ದ ಸ್ನಾಯು ದೂರ ಸರಿದಿರುತ್ತೆ, ಅದು ಪೂರ್ತಿ ಕೂಡ್ಕೊಂಡಿಲ್ಲ. ಹರ್ನಿಯಾ ಇದ್ರೂ ಹಾಗೇ ಕಾಣುತ್ತೆ, ಅದಕ್ಕೆ ಮೊದಲು ಪರೀಕ್ಷೆ ಆಗ್ಲಿ. ಜೋತಿರೋ ಚರ್ಮ, ಸರಿದಿರೋ ಸ್ನಾಯು ಎರಡನ್ನೂ ಸರಿ ಮಾಡೋದು ಟಮ್ಮಿ ಟಕ್ ಮಾತ್ರ. ಆದ್ರೆ ಅದು ಚಿಕ್ಕ ಆಪರೇಷನ್ ಅಲ್ಲ ನೋಡಿ, ಕೆಳಹೊಟ್ಟೆಯಲ್ಲಿ ಸೊಂಟದಿಂದ ಸೊಂಟದ ತನಕ ಗೆರೆ ಉಳಿಯುತ್ತೆ, ಸಾಮಾನ್ಯವಾಗಿ ಕೆಲವು ದಿನ ಡ್ರೈನ್ ಪೈಪ್ ಇರುತ್ತೆ, ಒಂದೆರಡು ವಾರ ಬೆನ್ನು ಬಗ್ಗಿಸಿಕೊಂಡೇ ಓಡಾಡ್ಬೇಕು, ಆರು ವಾರ ಭಾರ ಎತ್ತಂಗಿಲ್ಲ. ಮಗು ಎತ್ಕೋ ಅಂತ ಅಳ್ತಿರುತ್ತೆ, ಎತ್ಕೊಳ್ಳೋ ಹಾಗಿಲ್ಲ. ಮನೇಲಿ ಕೈ ಜೋಡಿಸೋರು ಇದಾರಾ ಅಂತ ಮೊದಲು ನೋಡ್ಕೊಳ್ಳಿ. ಮೂರನೇ ಮಗು ಯೋಚನೆ ಇದ್ರೆ ಅದು ಆಗ್ಲಿ, ಆಮೇಲೆ ಮಾಡಿಸಿ.

ಇದು ಸಿಗರೇಟ್ ಸೇದೋ ಎಲ್ಲರಿಗೂ: ಕನಿಷ್ಠ 4 ವಾರ ಮುಂಚೆ, 4 ವಾರ ಆಮೇಲೆ ನಿಲ್ಲಿಸ್ಬೇಕು. ನಿಕೋಟಿನ್ ಸಣ್ಣ ರಕ್ತನಾಳ ಮುಚ್ಚಿಸುತ್ತೆ, ಎಳೆದು ಹೊಲಿದ ಚರ್ಮಕ್ಕೆ ರಕ್ತ ಹೋಗದೆ ಕಪ್ಪಾಗಿ ಕೊಳೆಯುತ್ತೆ. ಬಿಟ್ಟಿದೀನಿ ಅಂತ ಸುಳ್ಳು ಹೇಳಿದ್ರೆ ಮೋಸ ಹೋಗೋದು ನಿಮ್ಮ ಹೊಟ್ಟೆ.

ಪ್ರಶ್ನೆ: ಲೈಪೊ ಆಗಿ 5 ದಿನ. ತೂಕ ನೋಡಿದ್ರೆ 2 ಕೆಜಿ ಜಾಸ್ತಿ ಆಗಿದೆ! ಮೈಯೆಲ್ಲಾ ನೀಲಿ. ಆ ಬಿಗಿ ಬಟ್ಟೆ ಉಸಿರು ಕಟ್ಟಿಸ್ತಿದೆ, ತೆಗೆದುಬಿಡ್ಲಾ?

ಉತ್ತರ: ತೆಗೀಬೇಡಿ. ತೂಕದ ಮಷಿನ್‌ನ ಮಂಚದ ಕೆಳಗೆ ತಳ್ಳಿಬಿಡಿ. ಜಾಸ್ತಿ ಆಗಿರೋದು ನೀರು, ಊತ. ಬೇರೆ ತೊಂದರೆ ಇಲ್ಲದಿದ್ರೆ ಇದು ಹೆಚ್ಚಿನವರಿಗೆ ಆಗೋದೇ. ನೀಲಿ ಬಣ್ಣ ಎರಡು ಮೂರು ವಾರಕ್ಕೆ ಹೋಗುತ್ತೆ, ಊತ ಪೂರ್ತಿ ಇಳಿದು ನಿಜವಾದ ಆಕಾರ ಗೊತ್ತಾಗೋಕೆ 3ರಿಂದ 6 ತಿಂಗಳು ಬೇಕು, ನಡುವೆ ಗಟ್ಟಿಗಟ್ಟಿ ಗಂಟು, ಜೋಮು, ಒಂದು ಕಡೆ ಜಾಸ್ತಿ ಒಂದು ಕಡೆ ಕಮ್ಮಿ ಎಲ್ಲಾ ಬಂದು ಹೋಗುತ್ತೆ. ಊತ ಹಿಡಿತದಲ್ಲಿಡೋಕೆ ಹಾಕೋ ಆ ಬಿಗಿ ಬಟ್ಟೆ ಸಾಮಾನ್ಯವಾಗಿ 4ರಿಂದ 6 ವಾರ. ನಿಜಕ್ಕೂ ಉಸಿರಾಡೋಕೆ ಆಗ್ತಿಲ್ಲ ಅಂದ್ರೆ ಅಳತೆ ತಪ್ಪಿರಬಹುದು, ಬದಲಾಯಿಸೋಕೆ ಕೇಳಿ. ಆದ್ರೆ ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯೋದು, ಬಟ್ಟೆ ಸಡಿಲ ಮಾಡಿದ್ರೂ ಉಸಿರು ಕಟ್ಟೋದು, ಎದೆನೋವು, ಜ್ವರ, ದಿನದಿನಕ್ಕೆ ಜಾಸ್ತಿ ಆಗೋ ನೋವು, ಇದ್ರಲ್ಲಿ ಯಾವುದೇ ಒಂದು ಇದ್ರೂ ಈ ಪತ್ರಿಕೆಗೆ ಬರೀತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಕಾಲಲ್ಲಿ ಕಟ್ಟಿದ ರಕ್ತದ ಗಡ್ಡೆ ಶ್ವಾಸಕೋಶಕ್ಕೆ ಹೋಗಿರಬಹುದು. ಆಪರೇಷನ್ ದಿನವೇ ಎಬ್ಬಿಸಿ ನಡೆಸೋದು ಅದೇ ಭಯಕ್ಕೆ.

ಪ್ರಶ್ನೆ: ನನಗೆ 16 ವರ್ಷ ಸರ್. ಎದೆ ಹುಡುಗೀರ ಥರ ಇದೆ ಅಂತ ಕ್ಲಾಸಲ್ಲಿ ಆಡ್ಕೋತಾರೆ. ಟೀ ಶರ್ಟ್ ಹಾಕಲ್ಲ, ಈಜೋಕೆ ಹೋಗಲ್ಲ. ಮನೇಲಿ ಹೇಳೋಕೆ ನಾಚಿಕೆ.

ಉತ್ತರ: (ಸರ್ ಅಲ್ಲ ಕಣೋ, ಮೇಡಂ. ಪರವಾಗಿಲ್ಲ.) ನೋಡು ತಮ್ಮಾ, ನಿನ್ನ ವಯಸ್ಸಲ್ಲಿ ಇದು ತುಂಬಾ ಹುಡುಗರಿಗೆ ಬರುತ್ತೆ, ಹಾರ್ಮೋನ್ ಏರುಪೇರಿನಿಂದ, ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ತಾನಾಗೇ ಇಳಿಯುತ್ತೆ. ಇದಕ್ಕೆ ಗೈನಕೊಮಾಸ್ಟಿಯಾ ಅಂತಾರೆ, ಹೆಸರು ಇದೆ ಅಂದ್ರೆ ನೀನೊಬ್ಬನೇ ಅಲ್ಲ ಅಂತ ಅರ್ಥ. ಅಪ್ಪ ಅಮ್ಮ ಇಬ್ಬರಲ್ಲಿ ಯಾರ ಹತ್ರ ಸಲುಗೆ ಜಾಸ್ತಿನೋ ಅವರಿಗೆ ಈ ಪುಟ ತೋರ್ಸು, ಮಾತಾಡೋದೇ ಬೇಡ, ತೋರ್ಸಿದ್ರೆ ಸಾಕು. ಡಾಕ್ಟರ್ ಒಮ್ಮೆ ಮುಟ್ಟಿ ನೋಡ್ಬೇಕು, ಬರೀ ಕೊಬ್ಬಾ, ಮೊಲೆತೊಟ್ಟಿನ ಕೆಳಗೆ ಗಟ್ಟಿ ಗ್ರಂಥಿ ಇದೆಯಾ ಅಂತ. ಕೊಬ್ಬಾದ್ರೆ ಲೈಪೊ ಸಾಕು, ಗ್ರಂಥಿ ಇದ್ರೆ ಸಣ್ಣದಾಗಿ ಕೊಯ್ದು ತೆಗೀಬೇಕು, ಆದ್ರೆ ಅದೆಲ್ಲಾ ಕಾದು ನೋಡಿದ ಮೇಲಿನ ಮಾತು. ಯಾವುದಾದ್ರೂ ಮಾತ್ರೆ ಅಥವಾ ಜಿಮ್‌ನವರು ಕೊಟ್ಟ ಸ್ಟೀರಾಯ್ಡ್ ತಗೋತಿದ್ರೆ ಮುಚ್ಚಿಡಬೇಡ.

ಪ್ರಶ್ನೆ: ಹೊಟ್ಟೆ ಕೊಬ್ಬನ್ನ ಹಿಂಭಾಗಕ್ಕೆ ಹಾಕ್ತಾರಂತಲ್ಲ, ಸೇಫಾ?

ಉತ್ತರ: ಬ್ರೆಜಿಲಿಯನ್ ಬಟ್ ಲಿಫ್ಟ್ ಕೇಳ್ತಿದೀರಿ. ಹೆಸರು ಮುದ್ದಾಗಿದೆ, ಆದ್ರೆ ಕಾಸ್ಮೆಟಿಕ್ ಸರ್ಜರಿಗಳಲ್ಲೇ ಅತಿ ಹೆಚ್ಚು ಸಾವು ಕಂಡಿದ್ದು ಇದರಲ್ಲಿ. 2017ರಲ್ಲಿ ತಜ್ಞರ ಒಂದು ತಂಡ ಹೆಚ್ಚುಕಮ್ಮಿ 3000ಕ್ಕೆ ಒಂದು ಸಾವು ಅಂತ ಅಂದಾಜು ಹಾಕಿತ್ತು. ಕೊಬ್ಬನ್ನ ಸ್ನಾಯು ಒಳಗೆ ಹಾಕಿದಾಗ ಅಲ್ಲಿನ ದೊಡ್ಡ ರಕ್ತನಾಳ ಹರಿದು ಕೊಬ್ಬು ಸೀದಾ ಶ್ವಾಸಕೋಶಕ್ಕೆ ಹೋಗುತ್ತೆ. ಅದಕ್ಕೇ ಚರ್ಮದ ಕೆಳಗಿನ ಪದರಕ್ಕೆ ಮಾತ್ರ, ಸ್ನಾಯುವಿಗೆ ಬೇಡವೇ ಬೇಡ ಅಂತ ಆಮೇಲೆ ಸರ್ಜನ್ ಸಂಘಗಳು ಹೇಳಿದ್ವು. ನಿಮ್ಮ ಸರ್ಜನ್‌ಗೆ ಯಾವ ಪದರಕ್ಕೆ ಹಾಕ್ತೀರಿ, ಅಲ್ಟ್ರಾಸೌಂಡ್‌ನಲ್ಲಿ ನೋಡ್ತಾ ಹಾಕ್ತೀರಾ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿದ್ರೆ ಎದ್ದು ಬನ್ನಿ.

ಪ್ರಶ್ನೆ: ಕೊಬ್ಬನ್ನ ಫ್ರೀಜ್ ಮಾಡಿ ಕರಗಿಸೋದು? ಆಪರೇಷನ್ ಇಲ್ಲದೆ?

ಉತ್ತರ: ಸಣ್ಣ ಗುಪ್ಪೆಗೆ ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತೆ, ಆ ಜಾಗದ ಕೊಬ್ಬಿನ ಪದರ ಸುಮಾರು ಕಾಲು ಭಾಗ ತೆಳ್ಳಗಾಗಬಹುದು, ಎರಡು ಮೂರು ತಿಂಗಳು ಹಿಡಿಯುತ್ತೆ. ಅಪರೂಪಕ್ಕೆ ಕೆಲವರಿಗೆ ಉಲ್ಟಾ ಹೊಡೆದು ಕೊಬ್ಬು ಗಟ್ಟಿಯಾಗಿ ದೊಡ್ಡದಾಗುತ್ತೆ, ಆಮೇಲೆ ಅದನ್ನ ತೆಗೆಯೋಕೆ ಲೈಪೊನೇ ಬೇಕು!

ಪ್ರಶ್ನೆ: ಮೂಗಿನ ಸರ್ಜರಿ ಎರಡು ಸಲ ಆಗಿದೆ. ಎಲ್ಲರೂ ಚೆನ್ನಾಗಿದೆ ಅಂತಾರೆ, ನನಗೆ ಮಾತ್ರ ತುದಿ ಸೊಟ್ಟ ಕಾಣುತ್ತೆ. ದಿನಕ್ಕೆ ಮೂರು ನಾಲ್ಕು ಗಂಟೆ ಕನ್ನಡಿ ಮುಂದೆನೇ ಇರ್ತೀನಿ. ಮೂರನೇ ಸಲ ಯಾರು ಚೆನ್ನಾಗಿ ಮಾಡ್ತಾರೆ ಹೇಳಿ.

ಉತ್ತರ: ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಮೂಗಿನ ಊತ ಪೂರ್ತಿ ಇಳಿಯೋಕೇ ಒಂದು ವರ್ಷ ಬೇಕು, ಅದಕ್ಕೆ ಮುಂಚೆ ಮತ್ತೆ ಕೈ ಹಾಕೋದು ತಪ್ಪು, ಅದು ಒಂದು. ಆದ್ರೆ ನಿಮ್ಮ ಪತ್ರದಲ್ಲಿ ನನ್ನನ್ನ ತಡೆದಿದ್ದು ಮೂಗಲ್ಲ, ಆ ಮೂರು ನಾಲ್ಕು ಗಂಟೆ. ದೇಹದ ಒಂದು ಸಣ್ಣ ಕೊರತೆ, ಬೇರೆಯವರಿಗೆ ಕಾಣದ್ದು, ತಲೆಯನ್ನ ಪೂರ್ತಿ ಆವರಿಸಿಕೊಳ್ಳೋ ಒಂದು ಕಾಯಿಲೆ ಇದೆ, ಬಾಡಿ ಡಿಸ್‌ಮಾರ್ಫಿಕ್ ಡಿಸಾರ್ಡರ್ ಅಂತ. ಅದಕ್ಕೆ ಮಾತಿನ ಚಿಕಿತ್ಸೆ ಇದೆ, ಮಾತ್ರೆ ಇದೆ, ಗುಣ ಕಾಣುತ್ತೆ. ಸರ್ಜರಿಯಿಂದ ಕಾಣಲ್ಲ, ಮೂಗು ಸರಿಯಾದ್ರೆ ಗಮನ ಗದ್ದಕ್ಕೆ ಹೋಗುತ್ತೆ. ನಿಮಗೆ ಅದೇ ಇದೆ ಅಂತ ಪತ್ರ ನೋಡಿ ಹೇಳೋಕಾಗಲ್ಲ, ಒಬ್ಬ ಸೈಕಿಯಾಟ್ರಿಸ್ಟ್ ನೋಡಿ, ಮೂಗು ಓಡಿ ಹೋಗಲ್ಲ.

ಪ್ರಶ್ನೆ: ನನ್ನ ತಂಗಿ ಕಡ್ಡಿ ಥರ ಇದಾಳೆ. ನನ್ನಿಂದ ತೆಗೆದ ಕೊಬ್ಬನ್ನ ಅವಳಿಗೆ ಹಾಕಬಹುದಾ? ತಮಾಷೆ ಅಲ್ಲ, ನಿಜವಾಗಿ ಕೇಳ್ತಿದೀನಿ.

ಉತ್ತರ: ಆಗಲ್ಲ ಕಣಮ್ಮಾ, ಅವಳ ದೇಹ ಅದನ್ನ ಪರಕೀಯ ಅಂತ ಹೊರಗೆ ಹಾಕುತ್ತೆ. ನಿಮ್ಮ ಕೊಬ್ಬು ನಿಮಗೇ, ಅದರಲ್ಲೂ ಹಾಕಿದ್ದೆಲ್ಲಾ ಉಳಿಯಲ್ಲ, ಒಂದು ಪಾಲು ದೇಹ ಹೀರ್ಕೊಂಡುಬಿಡುತ್ತೆ. ನೀವಿಬ್ಬರೂ ತದ್ರೂಪಿ ಅವಳಿಗಳಾಗಿದ್ರೆ ಬೇರೆ ಮಾತು, ಆದ್ರೆ ಅವಳು ಕಡ್ಡಿ ಅಂತೀರಲ್ಲ!