ಸೋಲಿಸಬಹುದು ಎಂಬ ಮಾತು

ಪ್ರಶ್ನೆ: ಮುಂಬೈ ಪಾಲಿಕೆಯ ನಮ್ಮ ವಾರ್ಡಿನಲ್ಲಿ ಬಹುಕಾಲದಿಂದ ಒಂದೇ ಮನೆತನದ್ದೇ ಕಾರುಬಾರು. ಮೊದಲು ಅಪ್ಪ, ಆಮೇಲೆ ಮಗ, ವಾರ್ಡು ಮಹಿಳೆಯರಿಗೆ ಮೀಸಲಾದಾಗ ಸೊಸೆ. ಪ್ರತಿ ಮಳೆಗಾಲದಲ್ಲೂ ಗಟಾರದ ನೀರು ಕೆಳಗಿನ ಮನೆಗಳಿಗೆ ನುಗ್ಗುತ್ತದೆ. ಆದರೂ ನಮ್ಮ ಸೊಸೈಟಿಯ ಕನ್ನಡಿಗರು, ‘ಅವರನ್ನು ಸೋಲಿಸುವವರು ಯಾರು? ಹೊಟ್ಟೆಪಾಡಿಗೆ ಬಂದ ನಮಗೆ ಈ ಉಸಾಬರಿ ಏಕೆ?’ ಎನ್ನುತ್ತಾರೆ. ದಕ್ಷಿಣ ಮುಂಬೈಯ ಫೋರ್ಟಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ನನ್ನ ತಂದೆಯವರು 1967ರಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರು ಸೋತ ಕಥೆಯನ್ನು ಹೇಳುತ್ತಿದ್ದರು. ಅಂಥದ್ದು ಈಗಲೂ ಸಾಧ್ಯವೇ? ಜನರನ್ನು ಒಪ್ಪಿಸುವುದು ಹೇಗೆ?
– ಓದುಗರೊಬ್ಬರು, ಘಾಟ್ಕೋಪರ್

ಉತ್ತರ: ನಿಮ್ಮ ನೆರೆಹೊರೆಯವರು ಆಡಿದ ಎರಡು ಮಾತುಗಳಲ್ಲಿ ಎರಡನೆಯದು ಬರೀ ನೆಪ, ನೀವು ಉತ್ತರ ಹುಡುಕಬೇಕಾದುದು ಮೊದಲನೆಯದಕ್ಕೆ. ಗೆದ್ದೇ ಗೆಲ್ಲುತ್ತಾರೆ ಎಂದು ಒಮ್ಮೆ ಮನಸ್ಸಿನಲ್ಲಿ ಕೂತುಬಿಟ್ಟರೆ, ಆ ಅಭ್ಯರ್ಥಿ ಒಳ್ಳೆಯವರೋ ಕೆಟ್ಟವರೋ ಎಂದು ಮತದಾರರು ತೂಗಿ ನೋಡುವುದನ್ನೇ ಬಿಡುತ್ತಾರೆ. ಆದ್ದರಿಂದ ಅವರ ತಪ್ಪುಗಳ ಪಟ್ಟಿ ಹಿಡಿದು ಮನೆಮನೆಗೆ ಹೋದರೆ ಹೆಚ್ಚಿನ ಪ್ರಯೋಜನವಿಲ್ಲ. ಆ ಪಟ್ಟಿ ನಿಮಗಿಂತ ಚೆನ್ನಾಗಿ ನಿಮ್ಮ ನೆರೆಯವರಿಗೇ ಗೊತ್ತಿರುತ್ತದೆ.

ನಿಮ್ಮ ತಂದೆಯವರು ಹೇಳುತ್ತಿದ್ದ ಚುನಾವಣೆಯ ಸ್ವಾರಸ್ಯವೂ ಇಲ್ಲಿಯೇ ಇದೆ. ಪಾಟೀಲರು ಮೂರು ಸಲ ಮುಂಬೈಯ ಮೇಯರ್ ಆಗಿದ್ದವರು, 1952ರಿಂದ ಲೋಕಸಭೆಯಲ್ಲಿದ್ದವರು, ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾಗಿದ್ದವರು. ಊರಿನವರು ಅವರನ್ನು ಮುಂಬೈಯ ಪಟ್ಟವಿಲ್ಲದ ದೊರೆ ಎಂದೇ ಕರೆಯುತ್ತಿದ್ದರು. ದಕ್ಷಿಣ ಮುಂಬೈಯಲ್ಲಿ ಅವರೆದುರು ಸಂಯುಕ್ತ ಸಮಾಜವಾದಿ ಪಕ್ಷದಿಂದ ನಿಂತ ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹುಟ್ಟಿ, 1949ರಲ್ಲಿ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದು, ಚೌಪಾಟಿ ಕಡಲತೀರದ ಬೆಂಚುಗಳ ಮೇಲೆ ಮಲಗಿದ್ದವರು. ಆಗಿನ್ನೂ 36ರ ವಯಸ್ಸು. ಅವರ ಕಡೆಯವರು ಅಂಟಿಸಿದ ಭಿತ್ತಿಪತ್ರಗಳು ಪಾಟೀಲರನ್ನು ಬೈಯುವುದಕ್ಕಿಂತ ಹೆಚ್ಚಾಗಿ, ಪಾಟೀಲರನ್ನು ಸೋಲಿಸಲು ನಿಮ್ಮಿಂದ ಸಾಧ್ಯ ಎಂಬುದು ನಿಮಗೆ ಗೊತ್ತೇ ಎಂದು ದಾರಿಹೋಕರನ್ನು ಕೇಳುತ್ತಿದ್ದವು. ದೇವರೇ ಬಂದರೂ ತಮ್ಮನ್ನು ಸೋಲಿಸಲಾರ ಎಂದು ಪಾಟೀಲರು ಪತ್ರಕರ್ತರೆದುರು ಹೇಳಿದರೆಂಬ ಸುದ್ದಿ ಹಬ್ಬಿದಾಗ, ದೇವರಿಂದ ಆಗದಿದ್ದರೆ ಬಿಡಲಿ, ನಿಮ್ಮಿಂದ ಆಗುತ್ತದೆ ಎಂಬ ಅರ್ಥದ ಇನ್ನೊಂದು ಭಿತ್ತಿಪತ್ರ ಗೋಡೆ ಹತ್ತಿತು. ಸೋಲಿಲ್ಲದ ಸರದಾರನೆಂಬ ಭಾವನೆಗೆ ಬಿದ್ದ ಪೆಟ್ಟು ಅದು.

ಹಾಗೆಂದು ಭಿತ್ತಿಪತ್ರವೇ ಚುನಾವಣೆ ಗೆದ್ದಿತೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಅದಕ್ಕೆ ಮೊದಲು ಹತ್ತಾರು ವರ್ಷ ಜಾರ್ಜ್ ಟ್ಯಾಕ್ಸಿ ಚಾಲಕರು, ಪಾಲಿಕೆಯ ನೌಕರರು, ಹೋಟೆಲ್ ಕಾರ್ಮಿಕರ ನಡುವೆ ಸಂಘ ಕಟ್ಟುತ್ತ ತಿರುಗಿದ್ದರು. 1961ರಲ್ಲಿ ಪಾಲಿಕೆಗೂ ಆಯ್ಕೆಯಾಗಿದ್ದರು. ಗೋಡೆಯ ಮೇಲಿನ ಪ್ರಶ್ನೆಗೆ ‘ಹೌದು’ ಎಂದು ಗಟ್ಟಿಯಾಗಿ ಹೇಳುವವರು ಪ್ರತಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲೂ ಮೊದಲೇ ತಯಾರಿದ್ದರು. ಆಹಾರದ ಕೊರತೆ, ಬೆಲೆಯೇರಿಕೆಗಳಿಂದ ದೇಶದ ಗಾಳಿಯೂ ತಿರುಗಿತ್ತು. ಅದೇ ವರ್ಷ ಕಾಂಗ್ರೆಸ್ಸಿನ ಅಧ್ಯಕ್ಷ ಕಾಮರಾಜರು ತಮಿಳುನಾಡಿನ ತಮ್ಮ ವಿರುಧುನಗರದಲ್ಲಿಯೇ ಸೋತರು. ಇನ್ನೊಂದನ್ನು ನಿಮ್ಮ ತಂದೆಯವರು ಹೇಳಿದ್ದರೋ ಇಲ್ಲವೋ: 1971ರಲ್ಲಿ ಅದೇ ಕ್ಷೇತ್ರದಲ್ಲಿ ಜಾರ್ಜ್ ಕೂಡ ಸೋತರು.

ಈಗ ನಿಮ್ಮ ವಾರ್ಡಿಗೆ ಬರೋಣ. ‘ನಮ್ಮ ಒಂದು ಮತದಿಂದ ಏನಾಗುತ್ತದೆ’ ಎನ್ನುವವರಿಗೆ ಉಪದೇಶಕ್ಕಿಂತ ಲೆಕ್ಕ ಹೇಳುವುದು ಲೇಸು. ಮುಂಬೈ ಪಾಲಿಕೆಯ 2012ರ ಚುನಾವಣೆಯಲ್ಲಿ ನೂರಕ್ಕೆ 45ರಷ್ಟು ಮತದಾರರು ಮಾತ್ರ ಮತಗಟ್ಟೆಗೆ ಹೋಗಿದ್ದರು, 2017ರಲ್ಲಿ 55ರಷ್ಟು. ಅಂದರೆ ಗೆದ್ದವರಿಗೆ ಬಿದ್ದ ಮತಗಳಿಗಿಂತ ಮನೆಯಲ್ಲೇ ಉಳಿದ ಮತಗಳು ಹೆಚ್ಚು. 2017ರಲ್ಲಿ ಗಿರ್ಗಾಂವ್ ಕಡೆಯ 220ನೇ ವಾರ್ಡಿನಲ್ಲಿ ಇಬ್ಬರು ಅಭ್ಯರ್ಥಿಗಳಿಗೂ ಸರಿಸಮನಾಗಿ 5,946 ಮತಗಳು ಬಂದು, ಕೊನೆಗೆ ಚೀಟಿ ಎತ್ತಿ ಗೆದ್ದವರನ್ನು ನಿರ್ಧರಿಸಬೇಕಾಯಿತು. ಆ ದಿನ ರಜೆ ಸಿಕ್ಕಿತೆಂದು ಲೋಣಾವಳೆಗೆ ಹೋದವರು ಆ ವಾರ್ಡಿನಲ್ಲಿ ಎಷ್ಟು ಮಂದಿಯಿದ್ದರೋ!

ಇನ್ನು ಹಂಗಿನ ಮಾತು. ನಿಮ್ಮ ಸೊಸೈಟಿಯ ಸೆಕ್ರೆಟರಿಯವರು ಅಂಗಳದ ಪೇವರ್ ಬ್ಲಾಕುಗಳನ್ನು ತೋರಿಸಿ, ಇವನ್ನು ಹಾಕಿಸಿಕೊಟ್ಟವರು ಅವರೇ ಅಲ್ಲವೇ ಎಂದು ಕೇಳಿಯೇ ಕೇಳುತ್ತಾರೆ. ಮಕ್ಕಳ ತೋಟದ ಸಿಮೆಂಟ್ ಬೆಂಚಿನ ಬೆನ್ನಿಗೆ ನೀಲಿ ಬಣ್ಣದಲ್ಲಿ ನಗರಸೇವಕರ (ಪಾಲಿಕೆ ಸದಸ್ಯರ) ಹೆಸರು ದೊಡ್ಡದಾಗಿಯೂ, ಅದರ ಕೆಳಗೆ ‘ನಿಧಿಯಿಂದ’ ಎಂಬುದು ಚಿಕ್ಕದಾಗಿಯೂ ಬರೆದಿರುವುದನ್ನು ನೋಡಿರುತ್ತೀರಿ; ನೀವು ಬೆರಳಿಟ್ಟು ತೋರಿಸಬೇಕಾದುದು ಆ ಚಿಕ್ಕ ಅಕ್ಷರವನ್ನು. ಅದು ಪಾಲಿಕೆಯ ಹಣ, ನಿಮ್ಮ ಸೊಸೈಟಿ ಕಟ್ಟುವ ಆಸ್ತಿ ತೆರಿಗೆಯೂ ಅದರಲ್ಲಿ ಸೇರಿದೆ. ನಗರಸೇವಕರು ಸಭೆಗೆ ಎಷ್ಟು ಸಲ ಹೋದರು, ಯಾವ ಪ್ರಶ್ನೆ ಕೇಳಿದರು ಎಂಬ ಲೆಕ್ಕವನ್ನು ಪ್ರಜಾ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ವರದಿಗಳಾಗಿ ಹೊರತರುತ್ತ ಬಂದಿದೆ. ನಿಮ್ಮ ಗಟಾರದ ಬಗ್ಗೆ ಪಾಲಿಕೆಯಲ್ಲಿ ಅವರು ಎಂದಾದರೂ ಬಾಯಿ ತೆರೆದಿದ್ದಾರೆಯೇ ಎಂದು ಹುಡುಕಿ, ಸಿಕ್ಕ ಉತ್ತರವನ್ನು ನೀರು ನುಗ್ಗಿದ ಮನೆಯವರಿಗೇ ಮೊದಲು ತೋರಿಸಿ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಅಲ್ಲಿ ಹಾಕಿದ್ದು ಮಧ್ಯಾಹ್ನದೊಳಗೆ ಅವರ ಪಕ್ಷದ ಶಾಖೆಗೆ ತಲುಪಿರುತ್ತದೆ, ಜೊತೆಗೆ ಎಲ್ಲರೂ ನೋಡುವಲ್ಲಿ ಮೌನವಾಗಿರುವವರು ಚಹಾ ಕುಡಿಯುತ್ತ ಕೂತಾಗ ಮನಸ್ಸು ಬಿಚ್ಚುತ್ತಾರೆ.

ಹೋಟೆಲು, ಅಂಗಡಿ ಇಟ್ಟುಕೊಂಡಿರುವ ನಮ್ಮವರ ಅಂಜಿಕೆಯನ್ನು ಮಾತ್ರ ಹಗುರವಾಗಿ ಕಾಣಬೇಡಿ. ಲೈಸೆನ್ಸ್, ಫುಟ್‌ಪಾತಿಗೆ ಚಾಚಿದ ಛಾವಣಿ, ಗ್ಯಾಸ್ ಸಿಲಿಂಡರ್ ಎಂದು ಕಿರುಕುಳಕ್ಕೆ ನೂರು ದಾರಿಗಳಿವೆ. ಯಾರು ಯಾರಿಗೆ ಮತ ಹಾಕಿದರೆಂಬುದು ಹೊರಬೀಳುವುದಿಲ್ಲವೆಂದು ನೀವು ಧೈರ್ಯವಾಗಿ ಹೇಳಬಹುದು. ಆದರೆ ಒಂದು ಮತಗಟ್ಟೆಯಲ್ಲಿ ಒಟ್ಟಾರೆ ಯಾರಿಗೆಷ್ಟು ಬಿತ್ತೆಂಬುದು ಯಂತ್ರದ ಎಣಿಕೆಯಲ್ಲಿ ತಿಳಿದುಬಿಡುತ್ತದೆ. ಹಲವು ಮತಗಟ್ಟೆಗಳ ಮತಗಳನ್ನು ಕೂಡಿಸಿ ಎಣಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲಿಯೇ ಸರ್ಕಾರಕ್ಕೆ ಹೇಳಿತು, ಕಾನೂನು ಆಯೋಗ 2015ರಲ್ಲಿ ಅನುಮೋದಿಸಿತು, ಜಾರಿಗೆ ಮಾತ್ರ ಬರಲಿಲ್ಲ. ಆದ್ದರಿಂದ ಅಂಜುವವರ ಬಾಯಿಂದ ‘ನಿಮ್ಮ ಕಡೆಗೇ ಹಾಕುತ್ತೇನೆ’ ಎಂಬ ಮಾತನ್ನು ಹೊರಡಿಸಲು ಹೋಗಬೇಡಿ. ಅವರು ಎರಡೂ ಕಡೆಯವರಿಗೆ ನಗುತ್ತ ಕೈಮುಗಿಯಲಿ, ಮತ ಹಾಕಿ ಬರಲಿ, ಅಷ್ಟೇ ಸಾಕು.

ಎದುರಿಗೆ ನಿಲ್ಲುವವರು ಯಾರೆಂದು ನೀವು ಬರೆದಿಲ್ಲ. ಚುನಾವಣೆ ಘೋಷಣೆಯಾದ ಮೇಲೆ ಹುಡುಕಿ ತಂದ ಹೆಸರಾದರೆ ಈ ಶ್ರಮವೆಲ್ಲ ಬಹುಮಟ್ಟಿಗೆ ವ್ಯರ್ಥ. ನೀರು ನುಗ್ಗಿದ ರಾತ್ರಿ ಕೆಳಗಿನ ಮನೆಯವರೊಂದಿಗೆ ಪಾಲಿಕೆಯ ವಾರ್ಡ್ ಕಚೇರಿಗೆ ಫೋನ್ ಮಾಡಿದವರೋ, ಮರುದಿನ ಅರ್ಜಿ ಹಿಡಿದು ಅಲ್ಲಿಗೆ ಹೋದವರೋ ಒಬ್ಬರಿದ್ದರೆ, ಅವರನ್ನು ಇಂದೇ ಒಪ್ಪಿಸಲು ತೊಡಗಿ.

ಪ್ರಶ್ನೆ: ನಮ್ಮಲ್ಲಿ ಪಾಲಿಕೆಯ ಚುನಾವಣೆಯಲ್ಲಿ ಒಬ್ಬೊಬ್ಬರಿಗೂ ಹಲವು ಮತಗಳು. ಎಲ್ಲವನ್ನೂ ಒಂದೇ ಪಕ್ಷಕ್ಕೆ ಹಾಕಬೇಕೆಂದು ಕಾರ್ಯಕರ್ತರು ಹೇಳುತ್ತಾರೆ. ನಿಜವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜವಲ್ಲ. ಮುಂಬೈಯಲ್ಲಿ ವಾರ್ಡಿಗೆ ಒಬ್ಬರೇ ಸದಸ್ಯರು. ಕಲ್ಯಾಣ್-ಡೊಂಬಿವಲಿಯಂಥ ಪಾಲಿಕೆಗಳಲ್ಲಿ ಒಂದು ಪ್ರಭಾಗಕ್ಕೆ (ವಾರ್ಡಿಗೆ) ಹಲವರು. ಪ್ರತಿಯೊಂದು ಸ್ಥಾನಕ್ಕೂ ಅಭ್ಯರ್ಥಿಗಳ ಪಟ್ಟಿ ಬೇರೆ ಬೇರೆ. ಒಂದರಲ್ಲಿ ಒಂದು ಪಕ್ಷ, ಇನ್ನೊಂದರಲ್ಲಿ ಪಕ್ಷೇತರರು, ಯಾರೂ ಬೇಡವಾದ ಕಡೆ ನೋಟಾ ಎಂದು ನೀವು ಆರಿಸಬಹುದು. ಮನೆಯ ಹಿರಿಯರಿಗೆ ಇದನ್ನು ಮೊದಲೇ ವಿವರಿಸಿ ಹೇಳಿ. ಮತಗಟ್ಟೆಯೊಳಗೆ ಹೋದ ಮೇಲೆ ಕೇಳಲು ಯಾರೂ ಸಿಗುವುದಿಲ್ಲ.