ಓದುಗರ ಪ್ರಶ್ನೆ, ನಮ್ಮ ಉತ್ತರ: ಊರ ಕ್ಲಬ್ಬಿನ ಹುಡುಗ, ಹೊರನಾಡಿನ ಹಣ

ಪ್ರಶ್ನೆ: 1961ರಲ್ಲಿ ಬ್ರೆಜಿಲ್ ಸರ್ಕಾರವು ಪೆಲೆಯವರನ್ನು ರಾಷ್ಟ್ರೀಯ ಸಂಪತ್ತೆಂದು ಸಾರಿ, ಅವರು ಯುರೋಪಿನ ಕ್ಲಬ್ಬುಗಳ ಪಾಲಾಗದಂತೆ ತಡೆಯಿತೆಂದು ಓದಿದ್ದೇನೆ. ಇಂದು ಅದೇ ಬ್ರೆಜಿಲ್ ತನ್ನ ಹುಡುಗರನ್ನು ಮೀಸೆ ಮೂಡುವ ಮೊದಲೇ ಸ್ಪೇನಿಗೂ ಇಂಗ್ಲೆಂಡಿಗೂ ಮಾರುತ್ತಿದೆ. 2006ರಿಂದ 2022ರವರೆಗಿನ ಐದು ವಿಶ್ವಕಪ್‌ಗಳಲ್ಲಿ ಒಂದನ್ನೂ ಅದು ಗೆಲ್ಲಲಿಲ್ಲ. ಅಂದು ಮಾಡಿದ್ದನ್ನು ಇಂದೇಕೆ ಮಾಡಬಾರದು?
— ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು, ಧಾರವಾಡ

ಉತ್ತರ: ನಿಮ್ಮ ಪ್ರಶ್ನೆಯ ಹಿಂದಿರುವ ಸಂಕಟ ನನ್ನದೂ ಹೌದು. ಪೆಲೆ 1956ರಲ್ಲಿ, ಹದಿನೈದರ ಹುಡುಗನಾಗಿದ್ದಾಗ ಸಾಂಟೋಸ್ ಕ್ಲಬ್ಬಿಗೆ ಬಂದವರು 1974ರವರೆಗೆ ಅಲ್ಲಿಯೇ ಆಡಿದರು. ಆ ಒಬ್ಬ ಆಟಗಾರ ಉಳಿದದ್ದರಿಂದ ಏನಾಯಿತೆಂಬುದನ್ನು ನೋಡಿ: ರಾಜಧಾನಿಯೂ ಅಲ್ಲದ, ಮಹಾನಗರವೂ ಅಲ್ಲದ ಒಂದು ಬಂದರು ಪಟ್ಟಣದ ಕ್ಲಬ್ಬು 1962 ಮತ್ತು 1963ರಲ್ಲಿ ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಪ್ರಶಸ್ತಿಯಾದ ಲಿಬರ್ಟಡೋರೆಸ್ ಕಪ್ಪನ್ನು ಗೆದ್ದುಕೊಂಡಿತು; 1962ರಲ್ಲಿ ಲಿಸ್ಬನ್ನಿಗೆ ಹೋಗಿ, ಅಂದಿನ ಯುರೋಪಿನ ಚಾಂಪಿಯನ್ ಬೆನ್ಫಿಕಾವನ್ನು ಅದರ ಸ್ವಂತ ಅಂಗಳದಲ್ಲಿ 5–2ರಿಂದ ಸೋಲಿಸಿತು. ಆ ಐದರಲ್ಲಿ ಮೂರು ಗೋಲು ಪೆಲೆಯವರದು. ಸಾಂಟೋಸಿನ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕೂಲಿಯವನಿಗೆ ಜಗತ್ತಿನ ಅತ್ಯುತ್ತಮ ಆಟಗಾರನನ್ನು ಕಾಣಲು ಹಡಗು ಹತ್ತಬೇಕಾಗಿರಲಿಲ್ಲ, ತನ್ನೂರಿನ ಮೈದಾನಕ್ಕೆ ನಡೆದು ಹೋದರೆ ಸಾಕಾಗಿತ್ತು.

ಆದರೆ ಪೆಲೆಯವರನ್ನು ಹಿಡಿದು ನಿಲ್ಲಿಸಿದ್ದು ಅಧ್ಯಕ್ಷ ಜಾನಿಯೊ ಕ್ವಾಡ್ರೊಸ್ ಅವರ ಸರ್ಕಾರದ ಒಂದು ಘೋಷಣೆ ಮಾತ್ರವೆಂದು ತಿಳಿಯಬಾರದು. ಅದಕ್ಕಿಂತ ಗಟ್ಟಿಯಾದ ಸರಪಳಿಯೊಂದು ಆಗ ಬ್ರೆಜಿಲಿನ ಪ್ರತಿಯೊಬ್ಬ ಆಟಗಾರನ ಕಾಲಿಗೂ ಇತ್ತು. ಅದನ್ನು ಅಲ್ಲಿ 'ಪಾಸ್ಸೆ' ಎನ್ನುತ್ತಿದ್ದರು. ಒಪ್ಪಂದದ ಅವಧಿ ಮುಗಿದ ಮೇಲೂ ಆಟಗಾರನ ಮೇಲಿನ ಹಕ್ಕು ಕ್ಲಬ್ಬಿನ ಬಳಿಯೇ ಉಳಿಯುತ್ತಿತ್ತು. ಕ್ಲಬ್ಬು ಒಪ್ಪಿ ಬಿಟ್ಟುಕೊಡದ ಹೊರತು, ಅಥವಾ ಕೇಳಿದಷ್ಟು ಹಣವನ್ನು ಇನ್ನೊಬ್ಬರು ಕೊಡದ ಹೊರತು, ಅವನು ಬೇರೆ ಕಡೆ ಆಡುವಂತಿರಲಿಲ್ಲ. ಪೆಲೆಯವರಂಥವರಿಗೆ ಈ ಕಟ್ಟು ಅಷ್ಟಾಗಿ ಬಾಧಿಸಲಿಲ್ಲ. ಅವರ ಹೆಸರಿನ ಮೇಲೆ ಸಾಂಟೋಸ್ ತಂಡವು ಯುರೋಪು, ಆಫ್ರಿಕಗಳನ್ನೆಲ್ಲ ಸುತ್ತಿ ಪ್ರದರ್ಶನ ಪಂದ್ಯಗಳನ್ನಾಡಿ ಗಳಿಸುತ್ತಿತ್ತು, ಆ ಗಳಿಕೆಯಿಂದ ಅವರಿಗೆ ತಕ್ಕ ಸಂಬಳವನ್ನೂ ಕೊಡುತ್ತಿತ್ತು. ಹೆಸರಿಲ್ಲದ ಆಟಗಾರನ ಪಾಡು ಬೇರೆ. ಅವನನ್ನು ಆಡಿಸದೆ, ಬಿಟ್ಟೂ ಕೊಡದೆ, ವಯಸ್ಸು ಕಳೆಯುವವರೆಗೆ ಕೂರಿಸಬಹುದಾಗಿತ್ತು. ಈ ಕಟ್ಟನ್ನು ಕಡಿದವರು ಯಾರು? ಪೆಲೆಯವರೇ. 1995ರಲ್ಲಿ ಕ್ರೀಡಾ ಸಚಿವರಾದ ಅವರು ರೂಪಿಸಿದ, 1998ರ ಮಾರ್ಚಿನಲ್ಲಿ ಜಾರಿಗೆ ಬಂದ, ಅವರ ಹೆಸರಿನಿಂದಲೇ ಕರೆಯಲಾಗುವ ಕಾನೂನು ಪಾಸ್ಸೆಯನ್ನು ರದ್ದುಗೊಳಿಸಿತು. ಊರಲ್ಲೇ ಉಳಿದು ದೊಡ್ಡವರಾದವರು, ಉಳಿಯಲೇಬೇಕೆಂಬ ಕಟ್ಟಳೆ ಇತರರಿಗೆ ಎಷ್ಟು ಕ್ರೂರವಾಗಿತ್ತೆಂದು ಕಂಡವರೂ ಆಗಿದ್ದರು. ಅಷ್ಟರಲ್ಲಿ, 1995ರ ಡಿಸೆಂಬರಿನಲ್ಲಿ, ಬಾಸ್ಮನ್ ಎಂಬ ಬೆಲ್ಜಿಯಂ ಆಟಗಾರನ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯವೂ ಇದೇ ದಿಕ್ಕಿನ ತೀರ್ಪು ಕೊಟ್ಟಿತ್ತು. ಆದ್ದರಿಂದ ಅಂದಿನ ತಡೆಯನ್ನು ಇಂದು ಮರಳಿ ತರುವುದೆಂದರೆ ದುಡಿಯುವ ಮನುಷ್ಯನನ್ನು ಮತ್ತೆ ಕ್ಲಬ್ಬಿನ ಆಸ್ತಿಯಾಗಿಸುವುದು. ಅದನ್ನು ನಾನು ಒಪ್ಪಲಾರೆ.

ವಿಶ್ವಕಪ್ಪಿನ ಮಾತಿಗೆ ಬರೋಣ. ಕಪ್ ಗೆದ್ದ 1958, 1962 ಮತ್ತು 1970ರ ಬ್ರೆಜಿಲ್ ತಂಡಗಳಲ್ಲಿದ್ದವರೆಲ್ಲ ಸ್ವದೇಶಿ ಕ್ಲಬ್ಬುಗಳ ಆಟಗಾರರೇ ಆಗಿದ್ದರು. ಕೊನೆಯದಾಗಿ ಕಪ್ ಗೆದ್ದ 2002ರ 23 ಮಂದಿಯಲ್ಲಿ 13 ಮಂದಿ ಊರಲ್ಲಿ ಆಡುತ್ತಿದ್ದವರು. 2022ರ 26 ಮಂದಿಯಲ್ಲಿ ಅಂಥವರು ಮೂವರೇ. ಈ ಅಂಕಿಗಳನ್ನು ಸಾಲಾಗಿ ನೋಡಿದರೆ ನಿಮ್ಮ ವಾದವೇ ಸರಿಯೆನ್ನಿಸುತ್ತದೆ. ಆದರೆ 2022ರಲ್ಲಿ ಕಪ್ ಗೆದ್ದ ಅರ್ಜೆಂಟೀನಾದ 26 ಮಂದಿಯಲ್ಲಿ ಸ್ವದೇಶಿ ಲೀಗಿನವರು ಒಬ್ಬರೇ, ರಿವರ್ ಪ್ಲೇಟ್ ಕ್ಲಬ್ಬಿನ ಗೋಲ್‌ಕೀಪರ್ ಫ್ರಾಂಕೊ ಅರ್ಮಾನಿ. ಹೊರಗೆ ಹೋದವರಿಂದ ರಾಷ್ಟ್ರೀಯ ತಂಡ ಕೆಟ್ಟಿತೆಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ನಷ್ಟವಾಗುವುದು ವಾರವಾರ ಮೈದಾನಕ್ಕೆ ಹೋಗುವ ಊರಿನ ಪ್ರೇಕ್ಷಕನಿಗೆ ಮತ್ತು ಬೇಲಿಗೆ ಮುಖವೊತ್ತಿ ಅಭ್ಯಾಸ ನೋಡುವ ಮಕ್ಕಳಿಗೆ. ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. 1946–47ರಲ್ಲಿ ಬಂಗಾಳವನ್ನು ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ ಮೈಸೂರಿನ ಫುಟ್‌ಬಾಲ್, ಮುಂದಿನ ಕೆಲವೇ ವರ್ಷಗಳಲ್ಲಿ ತನ್ನ ಅತ್ಯುತ್ತಮರನ್ನು ಅದೇ ಬಂಗಾಳಕ್ಕೆ ಕಳುಹಿಸಿಕೊಟ್ಟಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ಆಡಿದ ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ 'ಪಂಚಪಾಂಡವರು' ಎಂಬ ಐವರು ಮುಂಪಡೆಯವರಲ್ಲಿ ಒಬ್ಬರಾದರು. ಕಲ್ಕತ್ತೆ ಅವರನ್ನು ತಲೆಯ ಮೇಲೆ ಹೊತ್ತಿತು. ಅವರ ಚೆಂಡಿನ ಹಿಡಿತವನ್ನು ದಿನವೂ ನೋಡಿ ಕಲಿಯಬಹುದಾಗಿದ್ದ ಬೆಂಗಳೂರಿನ ಹುಡುಗರು ಅವರ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದರು. ಹಾಗೆಂದು ಅವರು ಹೋಗಬಾರದಿತ್ತೆಂದು ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ಆ ಮಟ್ಟದ ಪೈಪೋಟಿ ಆಗ ಬೇರೆಲ್ಲೂ ಇರಲಿಲ್ಲ.

ನನ್ನ ನಿಲುವು ಹೋಗುವ ವಯಸ್ಸಿನ ಕುರಿತದ್ದು. ಭತ್ತದ ಸಸಿಯನ್ನು ಮಡಿಯಿಂದ ಬೇಗ ಕಿತ್ತರೆ ಗದ್ದೆಯಲ್ಲಿ ನಿಲ್ಲುವುದಿಲ್ಲ, ತಡವಾಗಿ ಕಿತ್ತರೆ ತೆಂಡೆಯೊಡೆಯುವುದಿಲ್ಲ. ನೇಮಾರ್ 2010ರಲ್ಲಿ ಇಂಗ್ಲೆಂಡಿನ ಚೆಲ್ಸಿ ಕ್ಲಬ್ಬಿನ ಕರೆಯನ್ನು ಒಲ್ಲೆನೆಂದು ಸಾಂಟೋಸಿನಲ್ಲೇ ಉಳಿದರು. ಮರುವರ್ಷ ಆ ಕ್ಲಬ್ಬು, 1963ರ ನಂತರ ಮೊದಲ ಬಾರಿಗೆ, ಲಿಬರ್ಟಡೋರೆಸ್ ಗೆದ್ದಿತು. 2013ರಲ್ಲಿ, ಇಪ್ಪತ್ತೊಂದು ತುಂಬಿದ ಮೇಲೆ, ಅವರು ಬಾರ್ಸಿಲೋನಾಕ್ಕೆ ಹೋದಾಗ ಪೂರ್ಣ ಬೆಳೆದ ಆಟಗಾರರಾಗಿದ್ದರು. ಫ್ಲಮೆಂಗೊ ಕ್ಲಬ್ಬಿನ ವಿನೀಸಿಯಸ್ ಜೂನಿಯರ್ ಅವರನ್ನಾದರೋ ರಿಯಲ್ ಮ್ಯಾಡ್ರಿಡ್ 2017ರ ಮೇ ತಿಂಗಳಲ್ಲಿ, ಹಿರಿಯರ ತಂಡಕ್ಕೆ ಅವರು ಕಾಲಿಟ್ಟ ಕೆಲವೇ ದಿನಗಳಲ್ಲಿ, ಹದಿನಾರರ ವಯಸ್ಸಿನಲ್ಲೇ ಸುಮಾರು 4 ಕೋಟಿ 50 ಲಕ್ಷ ಯೂರೊಗೆ ಗೊತ್ತುಮಾಡಿಕೊಂಡಿತು. ಹದಿನೆಂಟು ತುಂಬಿದೊಡನೆ, 2018ರ ಜುಲೈನಲ್ಲಿ, ಕರೆಸಿಕೊಂಡಿತು. ವಿನೀಸಿಯಸ್ ಗೆದ್ದು ನಿಂತರು ನಿಜ, ಆದರೆ ಅವರನ್ನು ಕಣ್ಣಾರೆ ಕಾಣುವ ಭಾಗ್ಯ ರಿಯೊದ ಜನರಿಗೆ ಒಂದು ವರ್ಷದಷ್ಟೇ ದಕ್ಕಿತು. ಮೊದಲ ದರ್ಜೆಯ ಎರಡು ಮೂರು ಪೂರ್ಣ ಋತುಗಳನ್ನು ಊರಲ್ಲಿ ಆಡಿ ಹೋಗುವ ವ್ಯವಸ್ಥೆ ಕ್ಲಬ್ಬಿಗೂ ಹುಡುಗನಿಗೂ ಹಿತವೆಂದು ನಾನು ನಂಬಿದ್ದೇನೆ, ಅದನ್ನು ತಡೆಯಾಜ್ಞೆಯಿಂದ ಸಾಧಿಸಲಾಗುವುದಿಲ್ಲ, ಕ್ಲಬ್ಬು ಹೊತ್ತಿಗೆ ಸರಿಯಾಗಿ ಸಂಬಳ ಕೊಟ್ಟು, ಒಳ್ಳೆಯ ತರಬೇತುದಾರರನ್ನಿಟ್ಟುಕೊಂಡು ಹುಡುಗನ ಮನಸ್ಸನ್ನು ಗೆಲ್ಲಬೇಕಾಗುತ್ತದೆ. 2019ರಿಂದ 2024ರವರೆಗೆ ಸತತ ಆರು ವರ್ಷ ಲಿಬರ್ಟಡೋರೆಸ್ ಕಪ್ ಬ್ರೆಜಿಲಿನ ಕ್ಲಬ್ಬುಗಳ ಪಾಲಾಗಿದೆಯೆಂದರೆ, ಆ ಶಕ್ತಿ ಅಲ್ಲಿ ಈಗ ಮೆಲ್ಲಗೆ ಮರಳುತ್ತಿದೆ.

ಪ್ರಶ್ನೆ: ಸಣ್ಣ ಕ್ಲಬ್ಬು ಅನ್ನ ಹಾಕಿ ಬೆಳೆಸುತ್ತದೆ, ದೊಡ್ಡ ಕ್ಲಬ್ಬು ಫಲ ಉಣ್ಣುತ್ತದೆ. ಬೆಳೆಸಿದವರಿಗೆ ಏನಾದರೂ ಸಿಗುತ್ತದೆಯೇ?
— ಓದುಗರು, ಮಂಗಳೂರು

ಉತ್ತರ: ಸಿಗುತ್ತದೆ, ಸಿಗಬೇಕಾದಷ್ಟು ಸಿಗುವುದಿಲ್ಲ. ಆಟಗಾರನೊಬ್ಬ ಒಪ್ಪಂದದ ನಡುವೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಮಾರಾಟವಾದಾಗ, ಆ ಮೊತ್ತದ ಶೇಕಡ 5ನ್ನು ಅವನ 12ರಿಂದ 23ನೆಯ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್ಬುಗಳಿಗೆ ಹಂಚಬೇಕೆಂಬುದು ಫಿಫಾದ ನಿಯಮ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಒಟ್ಟು ಮೊತ್ತದ ಶೇಕಡ 0.25, ಆಮೇಲಿನ ಪ್ರತಿ ವರ್ಷಕ್ಕೆ ಶೇಕಡ 0.5. ನೂರು ಕೋಟಿಗೆ ಮಾರಾಟವಾದ ಹುಡುಗನೊಬ್ಬ 12ರಿಂದ 18ರವರೆಗಿನ ಏಳು ವರ್ಷಗಳನ್ನು ಒಂದೇ ಕ್ಲಬ್ಬಿನಲ್ಲಿ ಕಳೆದಿದ್ದರೆ ಅದಕ್ಕೆ ಬರುವುದು ಎರಡೂವರೆ ಕೋಟಿ. ಅವನು ಒಪ್ಪಂದ ಮುಗಿಸಿಕೊಂಡು ಬಿಡಿಯಾಗಿ ಹೋದರೆ ಮಾರಾಟವೇ ಇಲ್ಲವಾದ್ದರಿಂದ ಈ ಪಾಲೂ ಇಲ್ಲ. ಎಳೆಯ ಆಟಗಾರರ ವಿಷಯದಲ್ಲಿ, ಅವರನ್ನು ಬೆಳೆಸಿದ ಕ್ಲಬ್ಬುಗಳಿಗೆ ಹೊಸ ಕ್ಲಬ್ಬಿನಿಂದ ಹಣ ಕೊಡಿಸುವ, ತರಬೇತಿ ಪರಿಹಾರವೆಂಬ ಮತ್ತೊಂದು ನಿಯಮವಿದೆ. ಈ ಹಣ ಮೊದಲು ಬಹಳಷ್ಟು ಸಣ್ಣ ಕ್ಲಬ್ಬುಗಳಿಗೆ ತಲುಪುತ್ತಲೇ ಇರಲಿಲ್ಲ. 2022ರಿಂದ ಪ್ಯಾರಿಸ್ಸಿನಲ್ಲಿರುವ ಫಿಫಾದ ಕೇಂದ್ರವೊಂದು ಅದನ್ನು ಲೆಕ್ಕ ಹಾಕಿ ಹಂಚುತ್ತಿದೆ.

2025ರ ಕ್ಲಬ್ ವಿಶ್ವಕಪ್ಪಿನ ಸೆಮಿಫೈನಲನ್ನು ನಾನು ನಿದ್ದೆಗೆಟ್ಟು ನೋಡಿದೆ. ರಿಯೊದ ಫ್ಲೂಮಿನೆನ್ಸೆ ಒಂದೆಡೆ, ಚೆಲ್ಸಿ ಇನ್ನೊಂದೆಡೆ. ಚೆಲ್ಸಿಯ ಎರಡು ಗೋಲುಗಳನ್ನೂ ಹೊಡೆದು ಫ್ಲೂಮಿನೆನ್ಸೆಯನ್ನು ಮನೆಗೆ ಕಳುಹಿಸಿದವರು ಅದೇ ಫ್ಲೂಮಿನೆನ್ಸೆಯ ಅಕಾಡೆಮಿಯಲ್ಲಿ ಬೆಳೆದು, ಹದಿನೆಂಟರಲ್ಲಿ ಇಂಗ್ಲೆಂಡಿಗೆ ಹೋಗಿದ್ದ ಜೊವಾವೊ ಪೆಡ್ರೊ. ಎರಡು ಸಲವೂ ಅವರು ಕುಣಿಯಲಿಲ್ಲ. ಅಂಗೈಗಳನ್ನೆತ್ತಿ, ಕ್ಷಮಿಸಿ ಎನ್ನುವಂತೆ ತಮ್ಮ ಹಳೆಯ ಕ್ಲಬ್ಬಿನ ಜನರ ಕಡೆ ನೋಡಿದರು. ಅವರು ಚೆಲ್ಸಿ ಸೇರಿ ಆಗಿನ್ನೂ ಒಂದು ವಾರವೂ ತುಂಬಿರಲಿಲ್ಲ. ಆ ಮಾರಾಟ ಇಂಗ್ಲೆಂಡಿನೊಳಗೇ ನಡೆದದ್ದಾದರೂ, ಬೆಳೆಸಿದ ಕ್ಲಬ್ಬು ಬೇರೆ ದೇಶದ್ದಾಗಿರುವುದರಿಂದ 2020ರ ತಿದ್ದುಪಡಿಯಂತೆ ಅದರಲ್ಲೂ ಫ್ಲೂಮಿನೆನ್ಸೆಗೆ ಪಾಲಿದೆ.

ಹಣ ಹುಡುಗನ ಬೆನ್ನಿಗೇ ಬರುತ್ತದೆಂದೂ ಇಲ್ಲ. ನೇಮಾರ್ ಅವರ 2013ರ ವರ್ಗಾವಣೆಗೆ ಬಾರ್ಸಿಲೋನಾ ಪ್ರಕಟಿಸಿದ ಮೊತ್ತ 5 ಕೋಟಿ 71 ಲಕ್ಷ ಯೂರೊ. ಅದರಲ್ಲಿ 4 ಕೋಟಿ ಅವರ ತಂದೆತಾಯಿಯರ ಕಂಪನಿಗೆ ಹೋಯಿತು, ಸಾಂಟೋಸಿಗೆಂದು ಕೊಟ್ಟದ್ದು 1 ಕೋಟಿ 71 ಲಕ್ಷ. ಆ ಉಳಿಕೆಯಲ್ಲೂ ಶೇಕಡ 40 ಹಕ್ಕು ಹೂಡಿಕೆ ಕಂಪನಿಯೊಂದರದು. ಹೀಗೆ ಹೊರಗಿನವರು ಆಟಗಾರನ ಮೇಲೆ ಪಾಲು ಹೊಂದುವುದನ್ನು ಫಿಫಾ 2015ರಲ್ಲಿ ನಿಷೇಧಿಸಿತು. ಕ್ಲಬ್ಬಿಗೆ ಬಂದ ಹಣವೂ ಮಕ್ಕಳ ಬಳಿಗೆ ತಲುಪದಿದ್ದರೆ ಏನಾಗುತ್ತದೆಂಬುದನ್ನು ನೆನೆದರೆ ಇಂದಿಗೂ ಎದೆ ಭಾರವಾಗುತ್ತದೆ: ವಿನೀಸಿಯಸ್ ಮ್ಯಾಡ್ರಿಡ್ಡಿಗೆ ಹೋದ ಏಳು ತಿಂಗಳ ನಂತರ, 2019ರ ಫೆಬ್ರವರಿ 8ರ ಬೆಳಗಿನ ಜಾವ, ಫ್ಲಮೆಂಗೊದ ತರಬೇತಿ ಕೇಂದ್ರದಲ್ಲಿ ಕಂಟೇನರುಗಳನ್ನು ಜೋಡಿಸಿ ಮಾಡಿದ್ದ ವಸತಿಗೆ ಬೆಂಕಿ ಹೊತ್ತಿಕೊಂಡು, ಮಲಗಿದ್ದ ಹತ್ತು ಹುಡುಗರು ಸತ್ತರು. ಅವರೆಲ್ಲ 14ರಿಂದ 16ರ ವಯಸ್ಸಿನವರು.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು. ಬಡಾವಣೆಯ ಕ್ಲಬ್ಬಿನಲ್ಲಿ ಚೆನ್ನಾಗಿ ಆಡುತ್ತಾನೆ. ಏಜೆಂಟ್ ಎಂದು ಹೇಳಿಕೊಂಡವರೊಬ್ಬರು ಯುರೋಪಿನಲ್ಲಿ ಟ್ರಯಲ್ಸ್ ಕೊಡಿಸಿ ಅಲ್ಲಿನ ಕ್ಲಬ್ಬಿಗೆ ಸೇರಿಸುತ್ತೇನೆಂದು ಹಣ ಕೇಳುತ್ತಿದ್ದಾರೆ. ಕಳುಹಿಸಬಹುದೇ?
— ಒಬ್ಬ ತಂದೆ, ಹಲಸೂರು, ಬೆಂಗಳೂರು

ಉತ್ತರ: ದಯವಿಟ್ಟು ಹಣ ಕೊಡಬೇಡಿ. ಹದಿನೆಂಟು ತುಂಬದ ಆಟಗಾರನನ್ನು ಬೇರೆ ದೇಶದ ಕ್ಲಬ್ಬು ನೋಂದಾಯಿಸಿಕೊಳ್ಳುವಂತಿಲ್ಲವೆಂಬುದು ಫಿಫಾದ ನಿಯಮ. ವಿನಾಯಿತಿಗಳು ಬೆರಳೆಣಿಕೆಯಷ್ಟಿವೆ: ತಂದೆತಾಯಿ ಫುಟ್‌ಬಾಲಿಗೆ ಸಂಬಂಧಿಸದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲಸಿದರೆ ಆಗುತ್ತದೆ, ಗಡಿಯಂಚಿನ ಊರುಗಳವರಿಗೆ, ಯುರೋಪಿನೊಳಗಿನ ಹದಿನಾರು ದಾಟಿದವರಿಗೆ ಒಂದಿಷ್ಟು ಸಡಿಲವಿದೆ. ನಿಮ್ಮ ಮಗ ಇವುಗಳಲ್ಲಿ ಯಾವುದಕ್ಕೂ ಬರುವಂತೆ ಕಾಣುವುದಿಲ್ಲ. ಸಾವಿರಾರು ಕೋಟಿಯ ರಿಯಲ್ ಮ್ಯಾಡ್ರಿಡ್ಡೇ ವಿನೀಸಿಯಸ್‌ಗಾಗಿ ಒಂದು ವರ್ಷ ಕಾದಿತೆಂದ ಮೇಲೆ, ನಿಮ್ಮ ಮಗನನ್ನು ನಾಳೆಯೇ ಸೇರಿಸುತ್ತೇನೆನ್ನುವವರ ಮಾತನ್ನು ಹೇಗೆ ನಂಬುವುದು? ಹೀಗೆ ಟ್ರಯಲ್ಸ್ ಹೆಸರಿನಲ್ಲಿ ಮನೆಯವರಿಂದ ಹಣ ಪಡೆದು, ಪಶ್ಚಿಮ ಆಫ್ರಿಕದ ಎಷ್ಟೋ ಹುಡುಗರನ್ನು ಯುರೋಪಿನ ನಗರಗಳಲ್ಲಿ ಕೈಬಿಟ್ಟು ಹೋದವರಿದ್ದಾರೆ.

ಹೊರಗೆ ಹೋಗುವ ಆಸೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು 2014ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ನಾರ್ವೆಯ ಸ್ತಾಬೆಕ್ ಕ್ಲಬ್ಬಿಗೆ ಹೋದರು, 2016ರಲ್ಲಿ ಯುರೋಪಾ ಲೀಗಿನ ಅರ್ಹತಾ ಪಂದ್ಯವಾಡಿದರು, ಮರುವರ್ಷ ಬೆಂಗಳೂರು ಎಫ್‌ಸಿಗೆ ಬಂದರು. ಕಲಿತದ್ದನ್ನು ಹೊತ್ತು ತಂದರು. ಸುನಿಲ್ ಛೆಟ್ರಿಯವರಿಗೆ 2010ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಾಗಲಿ 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿನ ಬಿ ತಂಡದಲ್ಲಾಗಲಿ ಆಡುವ ಅವಕಾಶ ಹೆಚ್ಚು ಸಿಗಲಿಲ್ಲ. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದ ಆ ಆಟಗಾರ ಬೆಂಗಳೂರಿನಲ್ಲಿ ವಾರವಾರ ಆಡುತ್ತಲೇ ಮೂವತ್ತು ದಾಟಿದ ಮೇಲೂ ಮೊನಚು ಉಳಿಸಿಕೊಂಡರು. ಹದಿನಾಲ್ಕರ ಹುಡುಗನಿಗೆ ಈಗ ಬೇಕಾದದ್ದೂ ಅದೇ: ಹೆಚ್ಚು ಪಂದ್ಯಗಳು. ನಿಮ್ಮ ಮನೆಯ ಹತ್ತಿರದ ಗೌತಮಪುರದಲ್ಲಿ ಪೆಲೆಯವರ ಪ್ರತಿಮೆಯನ್ನೇ ನಿಲ್ಲಿಸಿದ ಜನರಿದ್ದಾರೆ. ಅಲ್ಲಿನ ಹಳೆಯ ಆಟಗಾರರನ್ನು ಒಮ್ಮೆ ಕಂಡು, ಮಗನ ಆಟವನ್ನು ನೋಡುವಂತೆ ಕೇಳಿಕೊಳ್ಳಿ. ಹಣ ಕೇಳದೆ ನಿಜ ಹೇಳುವವರು ಅವರು.

ಇನ್ನೊಂದು ಕೆಲಸವನ್ನು ಈ ವಾರವೇ ಮಾಡಿ. ಮಗನ ಹೆಸರು ಅವನ ಕ್ಲಬ್ಬಿನ ಮೂಲಕ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರೀಯ ನೋಂದಣಿಯಲ್ಲಿ ಪ್ರತಿ ಋತುವಿಗೂ ದಾಖಲಾಗಿದೆಯೇ ಎಂದು ಕ್ಲಬ್ಬಿನವರನ್ನು ವಿಚಾರಿಸಿ, ಜನನ ಪ್ರಮಾಣಪತ್ರದಲ್ಲಿರುವ ದಿನಾಂಕವೇ ಅಲ್ಲಿಯೂ ಇದೆಯೇ ಎಂದು ನೀವೇ ನೋಡಿ. ಮುಂದೆಂದಾದರೂ ಅವನು ಹೊರದೇಶಕ್ಕೆ ಹೋದರೆ, ಅವನ ಕಾಲಿಗೆ ಮೊದಲು ಬೂಟು ಹಾಕಿಸಿದ ಆ ಬಡಾವಣೆಯ ಕ್ಲಬ್ಬಿಗೆ ಸಲ್ಲಬೇಕಾದ ಪಾಲನ್ನು ಲೆಕ್ಕ ಹಾಕುವುದು ಆ ದಾಖಲೆಯಿಂದಲೇ.