ಓದುಗರ ಪ್ರಶ್ನೆ: ನಾಲ್ಕೇ ದಿನದಲ್ಲಿ ಸಂಶೋಧನಾ ಲೇಖನ

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ವಾಣಿಜ್ಯಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೂರು ಸಾವಿರ ರೂಪಾಯಿ ಕಟ್ಟಿದರೆ ನಾಲ್ಕು ದಿನದಲ್ಲಿ ಲೇಖನ ಪ್ರಕಟಿಸುವುದಾಗಿ ಒಂದು ನಿಯತಕಾಲಿಕೆಯಿಂದ ಇಮೇಲ್ ಬಂದಿದೆ. ಅದರ ಪ್ರತಿಯನ್ನು ಲಗತ್ತಿಸಿದ್ದೇನೆ. ಅದಕ್ಕೆ ಐಎಸ್‌ಎಸ್‌ಎನ್ ಸಂಖ್ಯೆಯಿದೆ. ಮಾನ್ಯ ನಿಯತಕಾಲಿಕೆಗಳನ್ನು ಹೆಸರಿಸುತ್ತಿದ್ದ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಕೇರ್ ಪಟ್ಟಿ ರದ್ದಾದ ಮೇಲೆ ಎಲ್ಲಿ ಪ್ರಕಟಿಸಿದರೂ ನಡೆಯುತ್ತದೆಯೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ನಡೆಯುವುದಿಲ್ಲ. ಕೇರ್ ಪಟ್ಟಿಯನ್ನು ಕೈಬಿಟ್ಟ ಯುಜಿಸಿ, 2025ರ ಫೆಬ್ರುವರಿಯಲ್ಲಿ ನಿಯತಕಾಲಿಕೆಗಳನ್ನು ಅಳೆಯುವ ಮಾನದಂಡಗಳನ್ನು ಸೂಚಿಸಿ, ಆಯ್ಕೆಯ ಹೊಣೆಯನ್ನು ಶಿಕ್ಷಣ ಸಂಸ್ಥೆಗಳಿಗೆ ವಹಿಸಿತು. ಹಿಂದೆ ಪಟ್ಟಿಯನ್ನು ತೋರಿಸಿ ಪಾರಾಗಬಹುದಿತ್ತು. ಈಗ ಆಯ್ಕೆ ಸಮಿತಿಯ ಮುಂದೆ ನೀವೇ ಉತ್ತರ ಹೇಳಬೇಕು. ಐಎಸ್‌ಎಸ್‌ಎನ್ ಕೇವಲ ಗುರುತಿನ ಸಂಖ್ಯೆ. ವಾಹನದ ನೋಂದಣಿ ಫಲಕವನ್ನು ನೋಡಿ ಚಾಲಕನ ಯೋಗ್ಯತೆಯನ್ನು ಹೇಳಲಾಗದು.

ಹಣ ಕೇಳಿದ ಮಾತ್ರಕ್ಕೆ ಪತ್ರಿಕೆ ಮೋಸದ್ದಾಗುವುದಿಲ್ಲ. ಎಲ್ಲರಿಗೂ ಉಚಿತವಾಗಿ ಓದಲು ಸಿಗುವ ಹಲವು ಒಳ್ಳೆಯ ಪತ್ರಿಕೆಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ, ಆದರೆ ಸಾಮಾನ್ಯವಾಗಿ ಶುಲ್ಕ ಕಟ್ಟಬೇಕಾದದ್ದು ಲೇಖನ ಅಂಗೀಕಾರವಾದ ಮೇಲೆ, ಅಂಗೀಕರಿಸುವ ಸಂಪಾದಕರಿಗೆ ಆ ಹಣದ ಗೊಡವೆಯಿರುವುದಿಲ್ಲ. ನೀವು ಕಳಿಸಿದ ಇಮೇಲ್‌ನಲ್ಲಿ ‘ಘನತೆವೆತ್ತ ಪ್ರಾಧ್ಯಾಪಕರೇ’ ಎಂಬ ಸಂಬೋಧನೆಯ ಕೆಳಗೇ ಬ್ಯಾಂಕ್ ಖಾತೆಯ ಸಂಖ್ಯೆಯಿದೆ. ಪತ್ರಿಕೆಯ ವ್ಯಾಪ್ತಿಯೋ ಪಶುವೈದ್ಯದಿಂದ ಕಾನೂನಿನವರೆಗೆ! ವಿಷಯತಜ್ಞರಿಬ್ಬರು ಲೇಖನವನ್ನು ಓದಿ, ತಪ್ಪುಗಳನ್ನು ಎತ್ತಿ ತೋರಿಸಿ, ನೀವು ತಿದ್ದಿ ಮರಳಿಸಿ, ಅವರು ಮತ್ತೊಮ್ಮೆ ನೋಡುವುದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ನಾಲ್ಕು ದಿನದಲ್ಲಿ ಆಗುವುದು ಪುಟವಿನ್ಯಾಸ ಮಾತ್ರ.

ಇದು ಬರೀ ಅನುಮಾನವಲ್ಲ. ಜಾನ್ ಬೊಹಾನನ್ ಎಂಬ ಪತ್ರಕರ್ತ, ಎದ್ದು ಕಾಣುವ ದೋಷಗಳಿದ್ದ ಒಂದು ಕಟ್ಟುಕಥೆಯ ಲೇಖನವನ್ನು ಹೀಗೆ ಉಚಿತವಾಗಿ ಓದಲು ಸಿಗುವ 304 ಪತ್ರಿಕೆಗಳಿಗೆ ಕಳಿಸಿ, 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವೆಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಹಾಗೆ ಸ್ವೀಕರಿಸಿದವುಗಳಲ್ಲಿ ನಮ್ಮ ದೇಶದವು ಬಹಳಷ್ಟಿದ್ದವು ಎಂಬುದು ತಲೆತಗ್ಗಿಸುವ ಸಂಗತಿ.

ಹಣ ಕಟ್ಟುವ ಮೊದಲು ಸಂಪಾದಕ ಮಂಡಲಿಯಲ್ಲಿ ಹೆಸರಿರುವ ಒಬ್ಬರಿಗೆ, ಪತ್ರಿಕೆ ಕೊಟ್ಟ ವಿಳಾಸಕ್ಕಲ್ಲ, ಅವರ ವಿಶ್ವವಿದ್ಯಾಲಯದ ಜಾಲತಾಣದಲ್ಲಿರುವ ವಿಳಾಸಕ್ಕೆ ಬರೆದು, ‘ತಾವು ಈ ಮಂಡಲಿಯಲ್ಲಿದ್ದೀರಾ?’ ಎಂದು ಕೇಳಿ. ತಮ್ಮ ಹೆಸರು ಅಲ್ಲಿರುವುದೇ ಗೊತ್ತಿಲ್ಲದ ಪ್ರಾಧ್ಯಾಪಕರು ಎಷ್ಟೋ ಮಂದಿ. ಇನ್ನೊಂದು ಮಾತು: ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಷರತ್ತನ್ನು ಯುಜಿಸಿಯ 2022ರ ನಿಯಮಾವಳಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ಅದನ್ನು ಉಳಿಸಿಕೊಂಡಿದೆಯೇ ಎಂದು ಮೊದಲು ವಿಚಾರಿಸಿ. ಇಲ್ಲವಾದರೆ ಈ ಅವಸರವೇ ಬೇಡ.

ಪ್ರಶ್ನೆ: ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತಂದು ಹೊಸ ಲೇಖನವಾಗಿ ಕೊಟ್ಟರೆ ತಪ್ಪೇ? ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶದಲ್ಲಿ ಹೋಲಿಕೆ ಶೇ. 4 ಮಾತ್ರ ಬಂದಿದೆ.
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಲೇಖನ ಯಾರದ್ದೆಂದು ನೀವು ತಿಳಿಸಿಲ್ಲ. ಬೇರೆಯವರದ್ದಾದರೆ ಅದು ಕೃತಿಚೌರ್ಯವೇ. ಯುಜಿಸಿಯ 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ ಎಂಬುದನ್ನೇ ಹಲವರು ಅಷ್ಟರಮಟ್ಟಿಗೆ ಕದಿಯಲು ಪರವಾನಗಿ ಎಂದುಕೊಂಡಿದ್ದಾರೆ. ತಂತ್ರಾಂಶ ಪದಗಳ ಸಾಲನ್ನು ಹೋಲಿಸುತ್ತದೆ. ಇಂಗ್ಲಿಷಿನ ವಾದಸರಣಿ ಕನ್ನಡದಲ್ಲಿ ಇಡಿಯಾಗಿ ಇಳಿದು ಬಂದರೂ ಅದು ಪತ್ತೆಹಚ್ಚದೆ ಹೋಗಬಹುದು. ಮೂಲವನ್ನು ಬಲ್ಲ ಓದುಗರೊಬ್ಬರು ಸಾಕು ಪತ್ತೆಹಚ್ಚಲು.

ಲೇಖನ ನಿಮ್ಮದೇ ಆಗಿದ್ದರೆ ಎರಡೂ ಪತ್ರಿಕೆಗಳ ಸಂಪಾದಕರ ಒಪ್ಪಿಗೆ ಪಡೆದು, ಇಂಥ ಕಡೆ ಮೊದಲು ಪ್ರಕಟವಾದದ್ದರ ಕನ್ನಡ ರೂಪವಿದು ಎಂದು ಮೊದಲ ಪುಟದಲ್ಲೇ ನಮೂದಿಸಿ ಪ್ರಕಟಿಸಬಹುದು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೂ ಇದಕ್ಕೆ ಅವಕಾಶ ಕೊಟ್ಟಿದೆ. ಕನ್ನಡದ ಓದುಗರಿಗೆ ಅದರಿಂದ ಲಾಭವೇ. ಬಡ್ತಿಯ ಅರ್ಜಿಯಲ್ಲಿ ಮಾತ್ರ ಅವೆರಡನ್ನೂ ಎರಡು ಲೇಖನಗಳೆಂದು ಎಣಿಸಬೇಡಿ.